ಭಾವನ ಒಂಟೆ, ಕಾಕನ ಮೂಲೆ

ನನ್ನ ಭಾವ, ಅಂದರೆ ಅಕ್ಕನ ಗಂಡ, ಚೆಸ್ಸಿನಲ್ಲಿ ಒಮ್ಮೆಯೂ ಸೋತವರಲ್ಲ. ಹಾಗೆಂದು ಗೆದ್ದವರೂ ಅಲ್ಲ. ಆಟ ಮುಗಿಸಿದರೆ ತಾನೇ ಸೋಲು, ಗೆಲುವು? ಒಂದು ಕಾಯಿ ಹೆಚ್ಚಿಗೆ ಸಿಕ್ಕಿತೋ, ಭಾವ ಕನ್ನಡಕ ತೆಗೆದು “ಖಲಾಸ್. ಇದು ಗೆದ್ದಾಯ್ತು” ಎನ್ನುತ್ತಿದ್ದರು. ಎದುರಿನವರು ಬಾಯಿ ತೆರೆಯುವಷ್ಟರಲ್ಲಿ ಕಾಯಿಗಳೆಲ್ಲ ಡಬ್ಬಿಯೊಳಗೆ! ಕಾಯಿ ಕಡಿಮೆಯಾದಾಗ? ಆಗ ಅವರಿಗೆ ಆಫೀಸಿನ ಕೆಲಸ ನೆನಪಾಗುತ್ತಿತ್ತು.

ಈ ಖಲಾಸ್ ರೋಗ ಚೆಸ್ಸಿಗಷ್ಟೇ ಇದ್ದಿದ್ದರೆ ಅಕ್ಕ ಬದುಕಿಕೊಳ್ಳುತ್ತಿದ್ದಳು. ಗಲ್ಫಿನಲ್ಲಿ, ಬೌಷರಿನ ಫ್ಲಾಟಿನಲ್ಲಿ ಅವಳು ಕುಚ್ಚಲಕ್ಕಿ ಬೇಯಲಿಟ್ಟು ಬಟ್ಟೆ ಒಣಹಾಕಲು ಹೋದರೆ, ಭಾವ ವಾಸನೆ ನೋಡಿಯೇ “ಬೆಂದಾಯ್ತು” ಎಂದು ಗ್ಯಾಸ್ ಆರಿಸುತ್ತಿದ್ದರು. ಆಗ ಅವರ ಮನೆಯಲ್ಲೇ ಇದ್ದ ನಾನು ಅನ್ನವನ್ನು ಕಡಲೆಯಂತೆ ಕಡಿದು ತಿಂದಿದ್ದೇನೆ. ಶಾರ್ಜಾದ ಒಂದು ಕ್ರಿಕೆಟ್ ಪಂದ್ಯದಲ್ಲಿ ಕೊನೆಯ ಓವರಿಗೆ ಮೊದಲೇ “ಗೆದ್ದೆವು” ಎಂದು ಟಿವಿ ಆರಿಸಿ, ಪಕ್ಕದ ಫ್ಲಾಟಿನ ಪಾಕಿಸ್ತಾನಿ ಮನೆಗೆ ಲಡ್ಡು ಕೊಟ್ಟು ಬಂದರು. ಅವರು ಲಡ್ಡು ತಿಂದು, ಪಂದ್ಯ ಮುಗಿದ ಮೇಲೆ ಅದೇ ತಟ್ಟೆಯ ತುಂಬ ಜಿಲೇಬಿ ಕಳಿಸಿದರು.

ಇಂಥವರಿಗೆ ಗಂಟುಬಿದ್ದವರು ಸುವೈಕಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನಮ್ಮೂರ ಕಡೆಯ ಬ್ಯಾರಿ. ಎಲ್ಲರಿಗೂ ಅವರು ಕಾಕ. ಯಾವ ಆಟವನ್ನೂ ಕೊನೆಯ ನಡೆಯವರೆಗೆ ಆಡಿಯೇ ತೀರಬೇಕು ಎಂಬುದು ಅವರ ಹಠ. ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಬಂದು, ಷಟರ್ ಅರ್ಧ ಎಳೆದು, ಸುಲೈಮಾನಿ ಚಹಾ ಇಟ್ಟುಕೊಂಡು ಅವರು ಕಾಯುತ್ತಿದ್ದರು. ಭಾವ ಬೌಷರಿನಿಂದ ನೂರು ಕಿಲೋಮೀಟರಿನಷ್ಟು ದೂರ ಕಾರು ಓಡಿಸಿಕೊಂಡು ಹೋಗುತ್ತಿದ್ದರು. ವಾರವಿಡೀ ಆಫೀಸಿನಲ್ಲಿ ಇಂಗ್ಲಿಷ್, ಹಿಂದಿಗಳಲ್ಲಿ ಬಾಯಿ ಸವೆಸುವ ಭಾವನಿಗೆ, ಹೊಟ್ಟೆ ಹುಣ್ಣಾಗುವಂತೆ ತುಳುವಿನಲ್ಲಿ ನಗಲು ಇದ್ದದ್ದು ಆ ಒಬ್ಬ ಗೆಳೆಯ ಮಾತ್ರ.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಒಂದು ಶುಕ್ರವಾರ, ಬೋರ್ಡಿನ ಮೇಲೆ ಕಾಕನಿಗೆ ಉಳಿದದ್ದು ರಾಜ ಮಾತ್ರ. ಅದೂ ಮೂಲೆಯಲ್ಲಿ. ಭಾವನ ಬಳಿ ರಾಜ, ಒಂದೇ ಬಣ್ಣದ ಮನೆಗಳಲ್ಲಿ ಓರೆಯಾಗಿ ಓಡುವ ಒಂದು ಒಂಟೆ, ಅಂಚಿನ ಸಾಲಿನಲ್ಲಿ ಒಂದು ಪದಾತಿ. ಪದಾತಿ ಆ ಮೂಲೆ ಮುಟ್ಟಿದರೆ ಮಂತ್ರಿಯಾಗುತ್ತದೆ. ಭಾವ ಕನ್ನಡಕ ತೆಗೆದು “ಖಲಾಸ್” ಎಂದರು.

“ಎಂತ ಖಲಾಸ್ ಶೆಟ್ರೇ?” ಎಂದರು ಕಾಕ ಭಾವನಿಗೆ. “ಈ ಮೂಲೆ ಬಿಳಿ ಮನೆ. ನಿಮ್ಮ ಒಂಟೆ ಕಪ್ಪು ಮನೆಯದ್ದು. ನನ್ನನ್ನು ಇಲ್ಲಿಂದ ಎಬ್ಬಿಸ್ಲಿಕ್ಕೆ ಅದರಿಂದ ಆಗುದಿಲ್ಲ. ಇದು ಡ್ರಾ. ಬೇಕಾದ್ರೆ ಆಡಿ ತೋರಿಸಿ.”

“ಗೆದ್ದ ಆಟ ಆಡ್ಲಿಕ್ಕೆ ನನಗೆಂತ ಮರ್ಲಾ?” ಎಂದು ಭಾವ ಕಾಯಿಗಳನ್ನು ಡಬ್ಬಿಗೆ ಸುರಿದರು.

“ಆಡದೆ ಗೆಲ್ಲುವವರ ಜೊತೆ ನಾನು ಕೂತ್ಕೊಳ್ಳುದಿಲ್ಲ,” ಎಂದರು ಕಾಕ.

ಅಷ್ಟೇ. ಮುಂದಿನ ಶುಕ್ರವಾರ ಭಾವ ಹೋಗಲಿಲ್ಲ. ಅದರ ಮುಂದಿನದ್ದೂ ಇಲ್ಲ. ಒಂದು ಒಂಟೆಗಾಗಿ ಇಬ್ಬರು ದೊಡ್ಡ ಮನುಷ್ಯರು ವರ್ಷಗಟ್ಟಲೆ ಮಾತು ಬಿಟ್ಟರು ಎಂದರೆ ಯಾರಾದರೂ ನಂಬುತ್ತಾರೆಯೇ? ಶುಕ್ರವಾರ ಮಧ್ಯಾಹ್ನವಾದರೆ ಭಾವ ಕಾರು ತೊಳೆಯುತ್ತಿದ್ದರು. ತೊಳೆದ ಕಾರು ಎಲ್ಲಿಗೂ ಹೋಗುತ್ತಿರಲಿಲ್ಲ. ಅದನ್ನು ನೋಡಿದರೆ ಸಂಕಟವಾಗುತ್ತಿತ್ತು.

ತೊಂಬತ್ತರ ದಶಕದಲ್ಲಿ ಭಾವನ ಆಫೀಸಿಗೆ ಕಂಪ್ಯೂಟರ್ ಬಂತು, ಅದರ ಹಿಂದೆಯೇ ಯಾರದೋ ಫ್ಲಾಪಿಯಲ್ಲಿ ಚೆಸ್ ಬಂತು. ರಜೆಯ ದಿನ ಭಾವ ನನ್ನನ್ನು ಸಾಕ್ಷಿಗೆ ಕರೆದುಕೊಂಡು ಹೋಗಿ, ಆ ಹಳೆಯ ಆಟವನ್ನು ಕಾಯಿ ತಪ್ಪದೆ ಅದರಲ್ಲಿ ಜೋಡಿಸಿದರು. ಯಂತ್ರ ಗುರುಗುಟ್ಟಿ, ಒಂಟೆಯ ಕಡೆಯವರು ಬಹಳ ಮುಂದಿದ್ದಾರೆಂದು ಅಂಕಿ ತೋರಿಸಿತು.

“ನೋಡಿದೆಯಾ? ಖಲಾಸ್!” ಭಾವನ ಮುಖ ಊರಗಲವಾಯಿತು.

“ಹಾಗಾದರೆ ಅದೇ ಗೆದ್ದು ತೋರಿಸಲಿ. ನೀವು ಕಾಕನ ರಾಜನನ್ನು ಆಡಿಸಿ,” ಎಂದೆ.

ಕಾಕನ ಜಾಗದಲ್ಲಿ ಭಾವ ಕೂತದ್ದು ಅದೇ ಮೊದಲು. ರಾಜನನ್ನು ಮೂಲೆಯಿಂದ ಪಕ್ಕದ ಮನೆಗೆ, ಅಲ್ಲಿಂದ ಮೂಲೆಗೆ ಸರಿಸುತ್ತ ಹೋದರು. ಯಂತ್ರದ ಒಂಟೆ ಬೋರ್ಡಿಡೀ ಸುತ್ತಿತು. ಪ್ರತಿ ನಡೆಗೂ ತಾನೇ ಮುಂದೆ ಎಂದು ಅದು ಹೇಳಿತೇ ಹೊರತು ಗೆಲ್ಲಲಿಲ್ಲ. ಅದೂ ನಮ್ಮ ಭಾವನಂಥದ್ದೇ! ಕೊನೆಗೆ ಭಾವ ಕೀಬೋರ್ಡಿನಿಂದ ಕೈ ತೆಗೆದರು.

“ಕಾಕ ಹೇಳಿದ್ದು ಸರಿ. ಒಮ್ಮೆ ಆಡಿ ನೋಡ್ಬಹುದಿತ್ತು ನಾನು,” ಎಂದರು ಭಾವ.

ಆ ವಾರದ ಶುಕ್ರವಾರವೇ ಇಬ್ಬರೂ ಸುವೈಕಿಗೆ ಹೋದೆವು. ಅಂಗಡಿಯ ಕಪಾಟುಗಳೆಲ್ಲ ಖಾಲಿ. ಕಾಕ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು. ಗಡ್ಡ ಪೂರ್ತಿ ಬಿಳಿಯಾಗಿತ್ತು.

“ಕಾಕ, ಅದು ಡ್ರಾ,” ಎಂದರು ಭಾವ. ಯಾವ ಆಟ ಎಂದು ಕಾಕ ಕೇಳಲಿಲ್ಲ.

“ನನಗೆ ಆವತ್ತೇ ಗೊತ್ತಿತ್ತು ಶೆಟ್ರೇ. ನೀವು ಒಂದು ಶುಕ್ರವಾರ ಬಂದು ‘ಆಡುವ’ ಅಂದಿದ್ರೆ ಸಾಕಿತ್ತು. ನಾನು ಚಹಾ ಇಡ್ತಿದ್ದೆ. ಈಗ ಬಂದದ್ದು ನೀವು. ವೀಸಾ ಕ್ಯಾನ್ಸಲ್ ಮಾಡಿಸಿ ಆಯ್ತು, ನಾಳೆ ಊರಿಗೆ ಹೊರಟೆ.”

ಭಾವ ಪೆಟ್ಟಿಗೆಯ ಮುಂದೆ ಕೂತರು. ಎಷ್ಟು ಶುಕ್ರವಾರಗಳನ್ನು ಅವರು ಕಾರು ತೊಳೆದು ಕಳೆದುಬಿಟ್ಟಿದ್ದರು! ಕಾಕ ಪೆಟ್ಟಿಗೆಯ ಹಗ್ಗ ಬಿಚ್ಚಿ ಬೋರ್ಡು ತೆಗೆದರು, ತಮ್ಮ ರಾಜನನ್ನು ಮೂಲೆಯಲ್ಲಿಟ್ಟರು. ಭಾವ ತಮ್ಮ ರಾಜ, ಒಂಟೆ, ಪದಾತಿಗಳನ್ನು ಇಟ್ಟರು.

ಮೂಲೆಯ ರಾಜನಿಗೆ ಅಲುಗಲು ಮನೆಯೇ ಇಲ್ಲದಂತೆ ಮಾಡಿದರೆ ಡ್ರಾ ಎಂದು ಆಟ ಅಲ್ಲಿಗೆ ಮುಗಿಯುತ್ತದೆ. ಹಾಗಾಗುವ ಹೊತ್ತಿಗೆ ಪ್ರತಿ ಸಲವೂ ಭಾವ ತಮ್ಮ ಒಂಟೆಯನ್ನು ದೂರ ಒಯ್ದುಬಿಡುತ್ತಿದ್ದರು. ಕಾಕ ತಲೆಯೆತ್ತಿ ಒಮ್ಮೆ ಅವರ ಮುಖ ನೋಡಿದರು, ಮತ್ತೆ ರಾಜನನ್ನು ಪಕ್ಕದ ಮನೆಗೆ ಸರಿಸಿದರು. ಹೊರಗೆ ಇಳಿಮಧ್ಯಾಹ್ನದ ನಮಾಜಿಗೆ ಕರೆಯುವ ಅಸರ್ ಬಾಂಗು ಕೇಳಿಸಿತು.

“ಹೊರಡುವಾ ಭಾವ?” ಎಂದೆ.

ಭಾವ ಕನ್ನಡಕವನ್ನು ಮೂಗಿನ ಮೇಲೆ ಸರಿಯಾಗಿ ಕೂರಿಸಿಕೊಂಡರು.

“ನಿಲ್ಲು ಮಾರಾಯ. ಕಾಕ ನಮಾಜು ಮಾಡಿ ಬರ್ಲಿ. ಆಟ ಇನ್ನೂ ಉಂಟು.”