ಸಾವ್ಕಾರ್ರು ಪ್ರಶ್ನಿ ಕೇಳೂದು ಕಲ್ತದ್ದು

ಕಾರ್ಖಾನಿ ಅಂದ ಮ್ಯಾಲ ದಿನಾ ಏನರೆ ಒಂದು ನಡೀತನ ಇರ್ತದ. ನಕ್ಕರ ಸಾವ್ಕಾರ್ರಿಗೆ ಸಿಟ್ಟು, ನಗದಿದ್ರ ನಮಗ ಹೊಟ್ಟಿನೋವು. ನಾನು ಪುಣೆದಾಗ, ಕೊಂಢವಾ ಕಡೆ ಒಂದು ಖಡಕ್ ರೊಟ್ಟಿ ಕಾರ್ಖಾನ್ಯಾಗ ಮ್ಯಾನೇಜರ್. ಪುಣೆಯವರು ಹೆಣಮಕ್ಕಳಿಗೆ ಬಾಯಿ ಅಂತಾರ, ಹಿಂಗಾಗಿ ನಾ ಮ್ಯಾನೇಜರ್ ಬಾಯಿ. ಮ್ಯಾನೇಜರ್ ಅಂದ್ರ, ರೊಟ್ಟಿ ಬಡಿಯೂದು ಒಂದು ಬಿಟ್ಟು ಬಾಕಿ ಎಲ್ಲಾ ನಾನ ಮಾಡೂದು. ನಮ್ಮ ಸಾವ್ಕಾರ್ರು ವಿಜಯಪುರದ ಕಡೆಯವರು, ರೊಟ್ಟಿ ಬಡಿಯೂ ಹೆಣಮಕ್ಕಳು ಕಲಬುರಗಿ ಯಾದಗಿರಿ ಕಡೆಯವರು, ತಿನ್ನೂದು ಮಾತ್ರ ಇಡೀ ಪುಣೆ.

ಹೋದ ವರ್ಷ ನಮಗ ಒಂದು ಗಂಡಾಂತರ ಬಂತು. ನಮ್ಮ ಅರ್ಧಕ್ಕಿಂತ ಹೆಚ್ಚು ಮಾಲು ತಗೊಳ್ಳೂ ದೊಡ್ಡ ಅಂಗಡಿಯವರು, "ಪಾಕೀಟಿನಾಗ ರೊಟ್ಟಿ ಮುರಿದು ಬರ್ತಾವ. ಹಿಂಗ ಆದ್ರ ದೀಪಾವಳಿ ಆದ ಮ್ಯಾಲ ನಿಮ್ಮ ಮಾಲು ಬ್ಯಾಡ" ಅಂತ ಹೇಳಿ ಕಳಿಸಿದ್ರು. ಅವರು ಬ್ಯಾಡ ಅಂದ್ರ ನಾವು ಬಾಗಲಾ ಹಾಕ್ಕೊಂಡು ಹೋಗೂದ. ಆ ಹೆಣಮಕ್ಕಳ ಕೆಲಸಾನೂ ಹೋಗ್ತದ, ನಂದೂ ಹೋಗ್ತದ. ಖರೇ ಹೇಳ್ತೀನಿ, ಊಟ ಸೇರ್ತಿರಲಿಲ್ಲ ನನಗ.

ಬಾರಾಮತಿಗೆ ಹೋದಾಂವ

ನಮ್ಮ ಸಾವ್ಕಾರ್ರಿಗೆ ಬರ್ತಿದ್ದದ್ದು ಒಂದ ಪ್ರಶ್ನಿ: "ಯಾರು ಮಾಡಿದ್ರು?" ಹೆಸರು ಸಿಕ್ಕರ ಪಗಾರ ಕಟ್. ಹಿಂಗಾಗಿ ನಮ್ಮ ಮಂದೀನೂ ಒಂದ ಉತ್ತರ ಬಾಯಿಪಾಠ ಮಾಡಿಕೊಂಡಿದ್ರು. ಪ್ಯಾಕಿಂಗಿನಾಗ ಒಬ್ಬಾಂವ ಇದ್ದ, ಮಾವನ ಹೋಟೆಲ್ ನೋಡ್ಕೋತೀನಿ ಅಂತ ನೌಕರಿ ಬಿಟ್ಟು ಬಾರಾಮತಿಗೆ ಹೋದ. ಅಂವ ಹೋದ ಮ್ಯಾಲ ನಮ್ಮಲ್ಲಿ ಏನ ಕೆಟ್ಟರೂ ಅವನ ಹೆಸರು. ತಕ್ಕಡಿ ಕೆಟ್ರ ಅಂವ, ಉಪ್ಪು ಹೆಚ್ಚಾದ್ರ ಅಂವ, ರೊಟ್ಟಿ ಮುರಿದ್ರಂತೂ ಅಂವನ.

ಒಂದಿನ ನೀರಿನ ಟಾಕಿ ತುಂಬಿ ಅಂಗಳೆಲ್ಲಾ ಹೊಳಿ ಆತು. "ನಳ ಚಾಲೂ ಇಟ್ಟವರು ಯಾರು?" ಅಂತ ಸಾವ್ಕಾರ್ರು ಗುಡುಗಿದ್ರು.

"ಅಂವ ರೀ, ಬಾರಾಮತಿಗೆ ಹೋದಾಂವ," ಅಂದ ನಮ್ಮ ಟೆಂಪೋ ಡ್ರೈವರ್.

"ಅಂವ ಹೋಗಿ ವರ್ಷ ಆತಲ್ಲೋ!"

"ಅವಾಗ ಚಾಲೂ ಮಾಡಿದ್ದು ರೀ. ಟಾಕಿ ದೊಡ್ಡದು. ಈಗ ತುಂಬೇದ."

ಜೇಜುರಿಗೆ ಹೋದ ಮಾಲು

ಸಾವ್ಕಾರ್ರ ಈ ಪರಿ ನೋಡಲಾರದ ಅವರ ಅಳಿಯ, ಒಂದು ದೊಡ್ಡ ಹೋಟೆಲಿನಾಗ ನಡೆದ ತರಬೇತಿಗೆ ಅವರನ್ನ ಕಳಿಸಿದ್ರು. ಕಲಿಸಾಕಿ ಬೆಂಗಳೂರಿನಾಕಿ. "ಸರ್, ಆರ್ಡರ್ ಮಾಡೋದನ್ನ ಬಿಟ್ಬಿಡಿ. ಪ್ರಶ್ನೆ ಕೇಳಿ. ಆಗ ಜನ ತಾವೇ ಯೋಚ್ನೆ ಮಾಡ್ತಾರೆ" ಅಂದ್ಲಂತ. ಸಾವ್ಕಾರ್ರಿಗೆ ಈ ಮಾತು ಎದಿಗೇ ನಾಟಿಬಿಡ್ತು.

ಮರುದಿನ ಮುಂಜಾನೆ ಡ್ರೈವರನ ಹೆಗಲ ಮ್ಯಾಲ ಕೈ ಇಟ್ಟು, ಭಾಳ ಮೆತ್ತಗ ಕೇಳಿದ್ರು: "ಇವತ್ತ ಟೆಂಪೋ ಎಲ್ಲಿಗೆ ಹೋಗಬೇಕು ಅಂತ ನಿನಗ ಅನಸ್ತದಪಾ?"

ಅಂವ ತೆಲಿ ಕೆರಕೊಂಡ. "ಜೇಜುರಿಗೆ ರೀ," ಅಂದ.

"ಭೇಷ್! ನೀನ ಯೋಚನಿ ಮಾಡಿದಿ ನೋಡು!" ಅಂತ ಬೆನ್ನು ಚಪ್ಪರಿಸಿ ಕಳಿಸಿದ್ರು. ಹೊಸ ಗಿರಾಕಿ ಹಿಡಿದಾನ ಅಂತ ತಿಳಕೊಂಡ್ರು ಕಾಣಸ್ತದ. ನಾ ಬಾಯಿ ತೆಗೆಯೂದ್ರಾಗ ಟೆಂಪೋ ಮಾಯ.

ಸಂಜಿಕೆ ಬಂತು. ಟೆಂಪೋ, ಡ್ರೈವರ್, ರೊಟ್ಟಿ ಡಬ್ಬಿ, ಎಲ್ಲಾ ಗುಡಿಯಾಗ ತೂರೂ ಭಂಡಾರದ ಅರಿಶಿಣದಾಗ ಮಿಂದು ಬಂದಿದ್ವು. ಒಂದು ಪಾಕೀಟೂ ಇಳಿಸಿರಲಿಲ್ಲ. ಸಾವ್ಕಾರ್ರ ಮುಖ ಕೆಂಪಗಾತು. ಅಂವ ಮಾತ್ರ ಆರಾಮ ಪ್ರಸಾದ ಮುಂದ ಹಿಡದ: "ಖಂಡೋಬಾನ ದರ್ಶನ ಭಾಳ ಚಲೋ ಆತ್ರಿ. ನಾಳಿನೂ ಕೇಳ್ರಿ, ಪಂಢರಪುರ ಬಾಕಿ ಅದ."

ಐದು ಸಲ ಯಾಕ

ಆ ಬೆಂಗಳೂರಿನಾಕಿಗೆ ಇವರು ಫೋನ್ ಹಚ್ಚಿ ಜಗಳ ತಗದ್ರು. ಆಕಿ, "ಸರ್, ಬೇರು ಸಿಗ್ಬೇಕು ಅಂದ್ರೆ ಐದು ಸಲ ಯಾಕೆ ಅಂತ ಕೇಳಿ" ಅಂದ್ಲು. ತಗೋರಿ, ಅದೂ ಶುರು ಆತು.

ನಮ್ಮಲ್ಲಿ ರೊಟ್ಟಿ ಬಡಿಯೂ ಹೆಣಮಕ್ಕಳಿಗೆಲ್ಲಾ ಹಿರೀಕಿ ಒಬ್ಬಾಕಿ ಇದ್ದಾಳ. ಎಲ್ಲಾರೂ ದೊಡ್ಡವ್ವ ಅಂತೀವಿ. ಸಾವ್ಕಾರ್ರು ಆಕಿ ಒಲಿ ಮುಂದ ಹೋಗಿ ಎಲ್ಲಾರ ಎದುರಿಗೇ ನಿಂತ್ರು.

"ಇವತ್ತ ಕೆಲಸ ಯಾಕ ತಡ ಆತು?"

"ಹಿಟ್ಟು ತಡ ಬಂತ್ರಿ."

"ಯಾಕ ತಡ ಬಂತು?"

"ಗಿರಣಿಯವ ಸಿಟ್ಟಿಗೆದ್ದಾನ್ರಿ."

"ಯಾಕ ಸಿಟ್ಟಿಗೆದ್ದಾನ?"

"ನಿನ್ನಿ ನೀವು ಬೈದ್ರಲ್ಲಾ ರೀ."

"ನಾ ಯಾಕ ಬೈದೆ?"

"ಮನ್ಯಾಗ ಸಾವ್ಕಾರ್ತಿ ಅಕ್ಕಾರು ನಿಮಗ ಚಹಾ ಸೈತ ಕೊಡದ ಹೊರಗ ಹಾಕಿದ್ರಂತಲ್ರಿ."

ಸಾವ್ಕಾರ್ರು ಐದನೇದಕ್ಕ ಬಾಯಿ ತೆಗೆದ್ರು. ದೊಡ್ಡವ್ವ ಸೆರಗಿಗೆ ಕೈ ಒರಸ್ಕೊಂಡು, "ಯಾಕ ಹೊರಗ ಹಾಕಿದ್ರು ಅನ್ನೂದೂ ಗೊತ್ತದ ರೀ, ಹೇಳ್ಲ್ಯಾ?" ಅಂದ್ಲು. ಒಲಿ ಮುಂದಿನವರೆಲ್ಲಾ ಕೆಲಸ ಬಿಟ್ಟು ಕಿವಿ ಚೂಪ ಮಾಡಿದ್ರು.

"ಬ್ಯಾಡ ಬ್ಯಾಡ," ಅಂದ್ರು ಸಾವ್ಕಾರ್ರು, "ನಮ್ಮಂಥಾ ಸಣ್ಣ ಕಾರ್ಖಾನಿಗೆ ನಾಲ್ಕು ಸಾಕು."

ಬಾಯಾಗ ಹತ್ತಿ

ಮುಂದಿನ ಪಾಠ, ಪ್ರಶ್ನಿ ಕೇಳಿ ಸುಮ್ಮನ ಕಾಯೂದು. ಅದು ನಮ್ಮ ಸಾವ್ಕಾರ್ರ ಕಡೆಯಿಂದ ಆಗೂ ಮಾತಲ್ಲ. ಪ್ರಶ್ನಿ ಅವರದ, ಉತ್ತರಾನೂ ಅವರದ. ಆದ್ರ ದೇವರು ದೊಡ್ಡಾಂವ, ಅವರಿಗೊಂದು ಹಲ್ಲುಬ್ಯಾನಿ ಕೊಟ್ಟ.

ಹಲ್ಲು ಕೀಳಿಸಿಕೊಂಡು, ಬಾಯಾಗ ಹತ್ತಿ ಇಟ್ಟುಕೊಂಡು, ನೆಟ್ಟಗ ಕಾರ್ಖಾನಿಗೇ ಬಂದ್ರು. ಚಹಾ ಕುಡೀತಾ ಕುಂತಿದ್ದ ಡ್ರೈವರನ ಮುಂದ ಬಂದು ನಿಂತು, ದವಡಿ ಹಿಡಕೊಂಡು ಅವನ್ನ ದಿಟ್ಟಿಸಿ ನೋಡಿದ್ರು. ಮಾತಿಲ್ಲ, ಕತಿ ಇಲ್ಲ.

ಡ್ರೈವರ್ ಎದ್ದು ನಿಂತ. "ಹೌದ್ರಿ, ಟೆಂಪೋದ ಕನ್ನಡಿ ನಾನ ಒಡದದ್ದು."

ಸಾವ್ಕಾರ್ರು ಸುಮ್ಮನ.

"ಗೆಳೆಯಾನ ಮದವಿ ಮೆರವಣಿಗಿಗೆ ಒಯ್ದಿದ್ದೆ ರೀ."

ಸಾವ್ಕಾರ್ರು ನೋವಿಗೆ ಕಣ್ಣು ಮುಚ್ಚಿದ್ರು. ಅಂವ ಬೆವತ. "ಗೆಳೆಯಾಂದಲ್ರಿ, ನಂದ ಮದವಿ. ನಮ್ಮಜ್ಜಿ ಸತ್ತಾಳಂತ ರಜಾ ತಗೊಂಡೆ ನೋಡ್ರಿ ಅವಾಗ. ಅಜ್ಜಿನೂ ಬಂದು ಅಕ್ಷತಿ ಹಾಕ್ಯಾಳ್ರಿ!"

ಆಮ್ಯಾಲ ಗೊತ್ತಾತು, ಸಾವ್ಕಾರ್ರು ಬಂದದ್ದು "ನನಗೂ ಅರ್ಧ ಕಪ್ ಆರಿದ ಚಹಾ ಕೊಡು" ಅನ್ನಾಕಂತ.

ಖರೇದಿ ಬಾಯಿ

ಇಷ್ಟೆಲ್ಲಾ ಹೊರಗ ಬಂತು, ಆದ್ರ ರೊಟ್ಟಿ ಯಾಕ ಮುರೀತಾವ ಅನ್ನೂದು ಮಾತ್ರ ಹೊರಗ ಬೀಳಲಿಲ್ಲ. ನಾನು ಪಾಕೀಟು ಬದಲ ಮಾಡಿಸಿದೆ, ಡಬ್ಬಿ ಬದಲ ಮಾಡಿಸಿದೆ, ಏನೂ ಹತ್ತಲಿಲ್ಲ. ದೀಪಾವಳಿ ಹತ್ತರ ಬಂತು. ಆ ದೊಡ್ಡ ಅಂಗಡಿಯ ಖರೇದಿ ನೋಡೂ ಬಾಯಿ, ಮರಾಠಿಯಾಕಿ, ಕಡೀ ಸಲ ನೋಡಿ ಹೋಗ್ತೀನಂತ ತಾನ ಬಂದ್ಲು. ಹೆಣಮಕ್ಕಳ ಮುಖ ಬಾಡಿಹೋಗಿದ್ವು.

ಬಾಯಿ ಎಲ್ಲಾ ಕಡೆ ತಿರುಗಾಡಿದ್ಲು. ಯಾರು ಅಂತ ಕೇಳಲಿಲ್ಲ, ಯಾಕ ಅಂತಾನೂ ಕೇಳಲಿಲ್ಲ. ಮರಾಠಿಯೊಳಗ ಒಂದ ಮಾತು ಕೇಳಿದ್ಲು: ರೊಟ್ಟಿ ಮುರಿಯದ ದಿನ ಯಾವುದು?

ಈ ಪ್ರಶ್ನಿ ಯಾರೂ ಕೇಳಿರಲಿಲ್ಲ. ಕಡೀಕ ದೊಡ್ಡವ್ವ ಬಾಯಿ ಬಿಟ್ಲು: "ಸೋಮವಾರ ರೀ. ಅವತ್ತ ಸಾವ್ಕಾರ್ರು ಬ್ಯಾಂಕಿಗೆ ಹೋಗ್ತಾರ್ರಿ."

ಇನ್ನೊಬ್ಬಾಕಿ ಮೆಲ್ಲಕ, "ಅವರು ಬೀಗರ ಊರಿಗೆ ಹೋದಾಗೂ ಮುರೀಲಿಲ್ರಿ," ಅಂದ್ಲು.

ಸಾವ್ಕಾರ್ರಿಗೆ ಇನ್ನೂ ತಿಳೀಲಿಲ್ಲ. "ಬಾಯಿ, ಇವರ ಮಾತು ಬಿಡ್ರಿ. ನಮ್ಮ ಮಾಲು ನೋಡ್ರಿ!" ಅಂತ ಒಂದು ಪಾಕೀಟು ತಗೊಂಡು, ನಡಬರಕ ಹೆಬ್ಬೆಟ್ಟು ಇಟ್ಟು ಒತ್ತಿದ್ರು. ಕಟಕ್ ಅಂತು. "ಕೇಳಿದ್ರ್ಯಾ? ಹಿಂಗ ಕಟಕ್ ಅಂದ್ರನ ಅದು ಖಡಕ್ ರೊಟ್ಟಿ. ಒಂದೊಂದು ಪಾಕೀಟೂ ನಾನ ಖುದ್ದ ಒತ್ತಿ ನೋಡಿ ಕಳಿಸ್ತೀನಿ!"

ಎಲ್ಲಾರ ಕಣ್ಣೂ ಅವರ ಹೆಬ್ಬೆಟ್ಟಿನ ಮ್ಯಾಲ. ಸಾವ್ಕಾರ್ರು ಪಾಕೀಟು ನೋಡಿದ್ರು, ಆಮ್ಯಾಲ ತಮ್ಮ ಹೆಬ್ಬೆಟ್ಟು ನೋಡಿಕೊಂಡ್ರು. ಅಯ್ಯ ಶಿವನ, ಅವರ ಮುಖ ನೋಡಬೇಕಿತ್ತು ನೀವು.

"ದೊಡ್ಡವ್ವ, ಇಷ್ಟ ದಿನ ಯಾಕ ಹೇಳಲಿಲ್ಲ?"

"ಯಾರು ಮುರಿದ್ರು, ಹೆಸರು ಹೇಳ್ರಿ, ಪಗಾರ ಕಟ್ ಮಾಡ್ತೀನಿ ಅಂತಿದ್ರಿ. ನಿಮ್ಮ ಪಗಾರ ಕಟ್ ಮಾಡವರು ಯಾರು ರೀ?"

ದೊಡ್ಡವ್ವನ ಮಾತು ಖರೇದಿ ಬಾಯಿಗೆ ನಾ ಮರಾಠಿಯೊಳಗ ಹೇಳಿದೆ. ಆಕಿ ನಕ್ಕ ನಗಿಗೆ ಕಣ್ಣಾಗ ನೀರು ಬಂತು. ಮಾಲು ಮೊದಲಿನಂಗ ಕಳಿಸ್ರಿ, ಹೆಬ್ಬೆಟ್ಟು ಮಾತ್ರ ಕಿಸೆದಾಗ ಇಟ್ಕೋರಿ ಅಂದ್ಲು. ನನಗೂ ಕಣ್ಣಾಗ ನೀರು ಬಂತು, ಆದ್ರ ಅದು ನಗಿದಲ್ಲ.

ಸಾವ್ಕಾರ್ರು ಹೆಬ್ಬೆಟ್ಟು ಕಿಸೆದಾಗ ಇಟ್ಟುಕೊಂಡ್ರು. ಆಮ್ಯಾಲ, ಸಿಟ್ಟಿಲ್ಲದ, ಸೆಡವಿಲ್ಲದ, ಖರೇನ ತಿಳಕೊಳ್ಳಾಕ ಅಂತ ಕೇಳಿದ್ರು: "ಹಂಗಾದ್ರ ಈ ಕಾರ್ಖಾನಿ ಚಂದ ನಡೀಬೇಕಂದ್ರ ನಾ ಏನ ಮಾಡ್ಲಿ? ನೀವ ಹೇಳ್ರಿ." ಕೇಳಿ, ಜೀವಮಾನದಾಗ ಮೊದಲ ಸಲ, ಸುಮ್ಮನ ಕಾದ್ರು.

ಕಾಯೂದೇನೂ ಬೇಕಾಗಲಿಲ್ಲ. ಇಡೀ ಕಾರ್ಖಾನಿ ಒಂದ ದನಿಲೆ ಕೂಗ್ತು: "ದಿನಾ ಬ್ಯಾಂಕಿಗೆ ಹೋಗ್ರೀ!"