ಮೂರು ಗಂಡು ಜಿಂಕೆಗಳ ವಾರ್ಷಿಕ ರಜೆ

ಗಂಡು ಜಿಂಕೆಗಳ ಪಕ್ಕದಲ್ಲಿ ಬಾಳುವವರು ನಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ವರ್ಷ ತಿರುಗಿದಂತೆ ಅವೇ ಒಂದಲ್ಲ ಒಂದು ಒದಗಿಸುತ್ತವೆ. ಈ ಅರಬ್ ನಾಡಿನಲ್ಲಿ ಬನಿಯಾಸ್ ಪಟ್ಟಣ ದಾಟಿ ಮುಂದೆ ಹೋದರೆ ಮರಳಿನ ನಡುವೆ ಒಂದು ಹಸಿರು ತೋಟ. ಅಲ್ಲಿ ನನ್ನ ಮಗ ಸೂಪರ್‌ವೈಸರ್. ತೋಟದ ಅಂಚಿನ ಮನೆಯಲ್ಲಿ ಅವನು, ಸೊಸೆ, ನಾನು. ಬೇಲಿಯಾಚೆ ಮೂರು ಚುಕ್ಕೆ ಜಿಂಕೆಗಳು. ನಾನು ಉಡುಪಿಯಲ್ಲಿ ಪ್ರಾಣಿಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದವಳು, ಅದೂ ಫಸ್ಟ್ ಕ್ಲಾಸಿನಲ್ಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮನೆಯಲ್ಲಿ ಯಾರೂ ಕೇಳುವುದಿಲ್ಲ.

೧. ಗೋಂದು

ಸೆಕೆಗಾಲದ ಒಂದು ಬೆಳಿಗ್ಗೆ. ಸ್ಪ್ರಿಂಕ್ಲರಿನ ತುಂತುರಿನಲ್ಲಿ ಬಿಸಿಲು ತೇಲುತ್ತಿತ್ತು. ಹಿರಿಯ ಜಿಂಕೆ ನೀರು ಕುಡಿದು ನಿಧಾನವಾಗಿ ತಲೆ ಎತ್ತಿತು. ಒಂದು ಕೊಂಬು ತಲೆಯ ಜೊತೆ ಎದ್ದಿತು. ಇನ್ನೊಂದು ತೊಟ್ಟಿಯಲ್ಲೇ ಉಳಿಯಿತು.

ಮಗ ಓಡಿ ಬಂದ. "ಅಮ್ಮಾ, ಕೊಂಬು ಮುರೀತು! ಅರ್ಬಾಬ್ ನನ್ನನ್ನು ಊರಿಗೆ ಕಳಿಸ್ತಾರೆ."

ಇಲ್ಲಿ ಮಾಲೀಕರನ್ನು ಅರ್ಬಾಬ್ ಎನ್ನುತ್ತಾರೆ. ಆಡು, ಒಂಟೆ ಸಾಕಿ ಪಳಗಿದ ತೋಟವದು. ಆಡಿನ ಕೊಂಬು ಉದುರಿದ್ದನ್ನು ಅಲ್ಲಿ ಯಾರೂ ಕಂಡಿಲ್ಲ. ಚಳಿಗಾಲದಲ್ಲಿ ಅರ್ಬಾಬ್‌ಗೆ ದೊಡ್ಡ ಅತಿಥಿಗಳು ಬರುವವರಿದ್ದರು. ಅಂದು ಮೂರೂ ಜಿಂಕೆಗಳು ಕೊಂಬು ಹೊತ್ತು ನಿಂತರೆ ಮಗನ ಕೆಲಸ, ವೀಸಾ ಮುಂದುವರಿಯುತ್ತದೆ. ಇಲ್ಲದಿದ್ದರೆ ಖಲಾಸ್.

"ಅದು ಮುರಿದದ್ದಲ್ಲ ಮಾರಾಯಾ, ಉದುರಿದ್ದು. ಮೈಯಲ್ಲಿ ಗಂಡು ಹಾರ್ಮೋನು ಇಳಿದಾಗ ಉದುರುತ್ತದೆ. ಹೊಸದು ಬರ್ತದೆ" ಎಂದೆ. ಅಷ್ಟರಲ್ಲಿ ಅವನ ಗಾಡಿ ಗೇಟು ದಾಟಿತ್ತು. ಮಧ್ಯಾಹ್ನ ಅಲ್ ಕೂಜ್ ಪೇಟೆಯಿಂದ ಟೈಲ್ಸ್ ಅಂಟಿಸುವ ಗೋಂದು ಹಿಡಿದು ಬಂದಾಗ ಎರಡನೆಯದೂ ಬಿದ್ದಿತ್ತು.

"ಗೋಂದಿನಿಂದ ಆಗುವುದಾದರೆ ನಿನ್ನಪ್ಪನ ಬೋಳುತಲೆಗೆ ಎಂದೋ ಹಚ್ಚುತ್ತಿದ್ದೆ ಮಗಾ" ಎಂದೆ.

೨. ಬೂಷ್ಟು

ಹೊಸ ಕೊಂಬು ಮೊಳೆಯಿತು. ಮೇಲೆಲ್ಲ ಮಖಮಲ್ಲಿನಂಥ ತೊಗಲು, ನವಿರು ರೋಮ. ಸಂಜೆಯ ಓರೆ ಬಿಸಿಲಿಗೆ ಅಂಚುಗಳು ಹೊಗೆಯಂತೆ ಹೊಳೆಯುತ್ತಿದ್ದವು. ನೋಡುತ್ತ ನಿಂತರೆ ಒಲೆಯ ಮೇಲಿನ ಹಾಲು ಮರೆತುಹೋಗುತ್ತಿತ್ತು.

"ಅತ್ತೇ, ಈ ಹವೆಗೆ ಕೊಂಬಿಗೂ ಬೂಷ್ಟು ಹಿಡಿದಿದೆ. ಸ್ವಲ್ಪ ಅರಸಿನ ಹಚ್ಚುವಾ?" ಎಂದಳು ಸೊಸೆ.

ಆ ತೊಗಲಿನೊಳಗೆ ರಕ್ತ ಹರಿದು ಕೊಂಬು ಬೆಳೆಯುತ್ತದೆ, ಬೆಳೆದ ಮೇಲೆ ತೊಗಲು ತಾನಾಗಿ ಕಳಚುತ್ತದೆ ಎಂದು ವಿವರವಾಗಿ ಹೇಳಿದೆ. ತಲೆಯಾಡಿಸಿದಳು. ತಿಂಗಳುಗಳಾದ ಮೇಲೆ ತೊಗಲು ಚೂರುಚೂರಾಗಿ ಜೋತುಬಿದ್ದಾಗ ನನ್ನನ್ನು ಕರೆದು ತೋರಿಸಿದಳು: "ನೋಡಿ, ಅಂದೇ ಅರಸಿನ ಹಚ್ಚಿದ್ದರೆ ಈ ಗತಿ ಬರ್ತಿತ್ತಾ?"

೩. ಸಹಿ

ಹಿರಿಯದರ ಕೊಂಬು ಬೆಳೆಯುತ್ತಿದ್ದಾಗಲೇ ನಡುವಿನದರ ಕೊಂಬು ಉದುರಿತ್ತು. ಅತಿಥಿಗಳು ಬರುವ ಹೊತ್ತಿಗೆ ಸರಿಯಾಗಿ ಕಿರಿಯದರದ್ದೂ ಬಿತ್ತು. ಅರ್ಬಾಬ್ ಸ್ವತಃ ಬಂದರು. ಅವರದು ಚೆಂದದ ಹಿಂದಿ. "ಅಮ್ಮಾಜಿ, ಎಲ್ಲವೂ ಒಟ್ಟಿಗೆ ಕೊಂಬು ಏಕೆ ಬೆಳೆಸುವುದಿಲ್ಲ?"

ಮಗ ನನ್ನ ಕಡೆ ನೋಡಿದ. ನಾನು ಹೇಳಿದೆ: "ಚಳಿದೇಶದ ಜಿಂಕೆಗಳು ಹಗಲಿನ ಉದ್ದ ನೋಡಿ ಒಟ್ಟಿಗೆ ಬೆಳೆಸುತ್ತವೆ. ನಮ್ಮ ಚುಕ್ಕೆ ಜಿಂಕೆಗೆ ಒಂದೊಂದಕ್ಕೂ ಅದರದೇ ವರ್ಷ. ನಿಮ್ಮ ಕೆಲಸಗಾರರ ಹಾಗೆ. ಒಬ್ಬೊಬ್ಬನ ರಜೆ ಒಂದೊಂದು ತಿಂಗಳಲ್ಲಿ, ಅಲ್ಲವೇ?"

ಅವರು ಗಡ್ಡ ನೀವುತ್ತ ಬಹಳ ಹೊತ್ತು ಜಿಂಕೆಗಳನ್ನೇ ನೋಡಿದರು. ಕೊನೆಗೆ ಮಗನತ್ತ ತಿರುಗಿ ಕೇಳಿದರು: "ನನ್ನನ್ನು ಕೇಳದೆ ಈ ರಜೆಗೆ ಸಹಿ ಹಾಕಿದವರು ಯಾರು?"

೪. ಮಂಜು

"ಹೋಗಲಿ, ಒಂದಾದರೂ ಗಂಭೀರವಾಗಿ ಬಂದು ನಿಲ್ಲಲಿ" ಎಂದು ಅರ್ಬಾಬ್ ಒಪ್ಪಿದರು. ಮಗನ ಕೆಲಸವೆಲ್ಲ ಹಿರಿಯದರ ತಲೆಯ ಮೇಲೆ ನಿಂತಿತು. ಅದಕ್ಕೋ ಮದವೇರುವ ಕಾಲ. ಕತ್ತು ದಪ್ಪವಾಗಿತ್ತು, ಕೂಗು ಜೋರಾಗಿತ್ತು. ಕಂಡ ಪೊದೆಗೆಲ್ಲ ಕೊಂಬು ತಿಕ್ಕಿ, ಹುಲ್ಲು ಬಳ್ಳಿ ಸಿಕ್ಕಿಸಿಕೊಂಡು ಮದುಮಗನಂತೆ ತಿರುಗುತ್ತಿತ್ತು.

ಅತಿಥಿಗಳು ಬಂದ ಬೆಳಿಗ್ಗೆ ಎಂಥ ಮಂಜು! ಖರ್ಜೂರದ ಮರಗಳು ಬುಡವಿಲ್ಲದೆ ತೇಲುತ್ತಿದ್ದವು. ಅತಿಥಿಗಳು ಬೇಲಿಯ ಬಳಿ ಗಾವಾ ಕಾಫಿ ಹೀರುತ್ತ ನಿಂತರು. ಮಂಜಿನೊಳಗಿಂದ ಒಂದು ಕೂಗು. ಎಲ್ಲರೂ ಆ ಕಡೆ ತಿರುಗಿದರು. ಬಿಳುಪಿನೊಳಗಿಂದ, ಕನಸೊಂದು ನಡೆದು ಬಂದ ಹಾಗೆ, ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಹಿರಿಯ ಜಿಂಕೆ ಬಂತು. ಎರಡು ಕೊಂಬುಗಳ ನಡುವೆ, ತೋಳುಗಳೆರಡೂ ಅತ್ತಿತ್ತ ಹರಡಿಕೊಂಡು, ಬೇಲಿಗೆ ಒಣಹಾಕಿದ್ದ ನನ್ನ ದೊಡ್ಡ ಹೂವಿನ ನೈಟಿ.

ಮಗ ಕಣ್ಣು ಮುಚ್ಚಿಕೊಂಡ. ಅತಿಥಿಗಳಲ್ಲಿ ಹಿರಿಯರೊಬ್ಬರು ಬೆರಗಾಗಿ, "ಮಾಷಾ ಅಲ್ಲಾ! ನಾವು ಒಂಟೆಗೆ ಸಿಂಗಾರ ಮಾಡುವ ಹಾಗೆ ಹಿಂದೂಸ್ತಾನದಲ್ಲಿ ಜಿಂಕೆಗೆ ಮಾಡುತ್ತಾರೆಯೇ?" ಎಂದರು.

ಅರ್ಬಾಬ್ ಮಗನನ್ನು ನೋಡಿದರು. ನಾನು ಬಾಯಿ ತೆರೆದೆ: "ಹಾಗಲ್ಲ, ಇದು ಗಂಡು ಹಾರ್ಮೋನಿನ..."

"ಅಮ್ಮಾ, ವೀಸಾ!" ಎಂದು ಮಗ ಹಲ್ಲು ಕಚ್ಚಿ ಪಿಸುಗುಟ್ಟಿ, ಗಟ್ಟಿಯಾಗಿ "ಹೌದು ಅರ್ಬಾಬ್, ನಮ್ಮ ಕಡೆಯ ಸಿಂಗಾರ" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಫಸ್ಟ್ ಕ್ಲಾಸು ಮಂಜಿನಲ್ಲಿ ಕರಗಿತು.

ವೀಸಾ ನವೀಕರಣವಾಯಿತು. ಅದನ್ನು ಹೇಳಲು ಬಂದ ಮಗ ಬಾಗಿಲಲ್ಲೇ ನಿಂತ. "ಅಮ್ಮಾ, ಉಳಿದೆರಡಕ್ಕೂ ಕೊಂಬು ಬಂದ ಕೂಡಲೇ ಅದೇ ಸಿಂಗಾರ ಆಗಬೇಕಂತೆ."

ನಾನು ಸೊಸೆಯ ಮುಖ ನೋಡಿದೆ. ಅವಳು ಕೈಯಲ್ಲಾಡಿಸಿದಳು: "ನನ್ನ ನೈಟಿ ಸಾಕಾಗುದಿಲ್ಲ ಅತ್ತೇ. ನಿಮ್ಮದಾದರೆ ಒಂದರಲ್ಲೇ ಎರಡು ಜಿಂಕೆಗೆ ಆಗ್ತದೆ."