ಬೀಗರಿಗಾಗಿ ಒಂದು ಗಾಳದ ಕೋಲು

ನಾಲ್ಕು ಜನ ಕೂತಲ್ಲಿ ಮಾತು ನಿಂತುಹೋದರೆ ನನಗೆ ಉಸಿರು ಕಟ್ಟಿದಂತಾಗುತ್ತದೆ. ಇದು ನನ್ನ ಹುಟ್ಟುಗುಣ. ಉಳಿದವರು ಆರಾಮಾಗಿ ಚಹಾ ಹೀರುತ್ತ, ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ಕೂತಿರುತ್ತಾರೆ. ನಾನು ಮಾತ್ರ ಆ ಮೌನಕ್ಕೆ ನಾನೇ ಹೊಣೆ ಎಂಬಂತೆ ಒದ್ದಾಡಿ, ಬಾಯಿಗೆ ಬಂದದ್ದನ್ನು ಹೇಳಿಬಿಡುತ್ತೇನೆ. ಒಮ್ಮೆ ಹೀಗೆಯೇ ಪಕ್ಕದ ಮನೆಯವರ ಮುಂದೆ "ಹಾವಿಗೆಲ್ಲ ನಾ ಅಂಜೂದಿಲ್ರಿ" ಎಂದುಬಿಟ್ಟಿದ್ದೆ. ಎಂಟು ದಿನದಲ್ಲಿ ಅವರ ಬಚ್ಚಲಿಗೆ ಹಾವು ಬಂತು. ಓಣಿಯ ಜನವೆಲ್ಲ ನನ್ನನ್ನು ಕರೆಯಲು ಬಂದರು. ನಾನು ಚಪ್ಪಲಿ ಹುಡುಕುವ ನೆಪದಲ್ಲಿ ಅರ್ಧ ಗಂಟೆ ಮಂಚದ ಕೆಳಗೇ ಇದ್ದೆ. ಅಷ್ಟರಲ್ಲಿ ಹಾವು ಬೇಸತ್ತು ತಾನೇ ಹೊರಟುಹೋಗಿತ್ತು. ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ.

ಈ ಸಲ ಆಡಿದ ಮಾತು ಹಾಗೆ ತಾನಾಗಿ ಹೋಗುವಂಥದ್ದಾಗಿರಲಿಲ್ಲ. ನನ್ನ ಮಗಳು ರೇಣುಕಾ ಯಾದಗಿರಿಯಲ್ಲಿ ನರ್ಸು. ಬಂದ ಮೂರು ವರಗಳನ್ನು ಒಂದೊಂದೇ ಮಾತಿನಲ್ಲಿ "ಬ್ಯಾಡ" ಎಂದು ಕಳಿಸಿದವಳು. ನಾಲ್ಕನೆಯದು ಶಹಾಪುರದ ಸಂಬಂಧ. ಅವರು ಸುರಪುರದ ನಮ್ಮ ಮನೆಗೆ ಬಂದು ಹೋದ ಮೇಲೆ ಅವಳು "ನಿಮ್ಮಿಷ್ಟ ನೋಡ್ರಿ" ಎಂದು ಒಳಗೆ ಹೋಗಿ, ಪಾತ್ರೆ ತೊಳೆಯುತ್ತ ಹಾಡು ಗುನುಗಿದಳು. ಇಪ್ಪತ್ತಾರು ವರ್ಷದಲ್ಲಿ ಅವಳು ಪಾತ್ರೆ ತೊಳೆದದ್ದೂ ಅಪರೂಪ, ಗುನುಗಿದ್ದೂ ಅಪರೂಪ. ನನ್ನ ಹೆಂಡತಿ ನೀಲಮ್ಮ ನನ್ನ ಹತ್ತಿರ ಬಂದು, "ಹುಡುಗಿಗಿ ಮನಸ್ಸದ. ಇದು ಆಗಬೇಕು ನೋಡ್ರಿ. ಇನ್ನ ಬಾಯಿ ಬಿಗಿ ಹಿಡೀರಿ" ಎಂದಳು. ಆದರೆ ಬಾಯಿ ಆಗಲೇ ತನ್ನ ಕೆಲಸ ಮಾಡಿ ಮುಗಿಸಿತ್ತು.

ವರನ ತಂದೆ ಭೀಮರಾಯರು ಕಾಲುವೆಯ ಗೇಟು ಎತ್ತುವ, ಇಳಿಸುವ ನೌಕರಿಯಲ್ಲೇ ಆಯುಷ್ಯ ಕಳೆದು ನಿವೃತ್ತರಾದವರು. ನೀರಿನೊಂದಿಗೆ ಇದ್ದೂ ಇದ್ದೂ ಮಾತು ಮರೆತಂತಿದ್ದರು. ನಮ್ಮ ಮನೆಯಲ್ಲಿ ಕೂತ ಅರ್ಧ ಗಂಟೆಯಲ್ಲಿ ಅವರು ಆಡಿದ್ದು ಎರಡೇ ಮಾತು: "ಬಿಸಲು ಭಾಳ ಅದ", "ಸಕ್ಕರಿ ಕಡಿಮಿ ಇರಲಿ". ನಾನು ತಡೆಯಲಾರದೆ, "ರಿಟೈರ್ ಆದ ಮ್ಯಾಲ ಹೊತ್ತು ಹ್ಯಾಂಗ ಕಳೀತೀರಿ?" ಎಂದೆ. "ಮೀನ ಹಿಡೀತೀನ್ರಿ. ಗಾಳದ ರಾಡಿಲೆ" ಎಂದರು. ಮತ್ತೆ ಮೌನ. ಗೋಡೆ ಗಡಿಯಾರದ ಟಿಕ್ ಟಿಕ್. "ಅಯ್ಯ, ನನಗೂ ಅದೇ ಹುಚ್ಚು ನೋಡ್ರಿ! ಇಪ್ಪತ್ತು ವರ್ಷ ಆತು!" ಎಂದೆ. ಅಡುಗೆಮನೆಯಲ್ಲಿ ನೀಲಮ್ಮನ ಕೈಯಿಂದ ಲೋಟ ಬಿದ್ದ ಸದ್ದಾಯಿತು. ಭೀಮರಾಯರ ಮುಖ ಮಾತ್ರ ಮೊದಲ ಸಲ ಅರಳಿತು. "ಹಂಗಾದ್ರ ಬರೂ ಐತವಾರ ಹೊಳಿಗಿ ಹೋಗೂಣು. ಮೊದಲ ಹರಿಗೋಲಿನ್ಯಾಗ, ಆಮ್ಯಾಲ ದಂಡಿ ಮ್ಯಾಲ. ನಿಮ್ಮ ರಾಡ್ ತರ್ರಿ. ಅಲ್ಲೇ ಕುಂತು ಮುಂದಿನ ಮಾತ ಆಡೂಣು" ಎಂದರು. ಮುಂದಿನ ಮಾತು ಎಂದರೆ ಮದುವೆಯ ಮಾತು. ನನಗೆ ಈಜು ಬಾರದು. ಗಾಳದ ಕೋಲನ್ನು ಕೈಯಿಂದ ಮುಟ್ಟಿದವನೂ ಅಲ್ಲ.

ಮರುದಿನದಿಂದ ನನ್ನ ಶಾಲೆಯ ಗುಮಾಸ್ತಿಕೆಯೆಲ್ಲ ಮೊಬೈಲಿನೊಳಗೆ ನಡೆಯಿತು. ಹಾಜರಿ ಪುಸ್ತಕದ ಮರೆಯಲ್ಲಿ ವಿಡಿಯೋ ನೋಡಿದ್ದೇ ನೋಡಿದ್ದು. ಸ್ಪಿನ್ನಿಂಗ್ ರಾಡ್ ಎಂದರೆ ಒಂದು ಕೋಲು, ಒಂದು ರೀಲು, ಮುಗಿಯಿತು ಎಂದುಕೊಂಡಿದ್ದೆ. ದೋಣಿಗಾದರೆ ಆರಡಿ ಇರಬೇಕಂತೆ, ದಂಡೆಗಾದರೆ ಒಂಬತ್ತಡಿ ಬೇಕಂತೆ. ತುದಿ ಬಾಗುವುದರಲ್ಲಿ ಬೇರೆ ಬೇರೆ ಜಾತಿ. ತೀರ ಬಿರುಸಾದರೆ ಮೀನಿನ ಬಾಯಿಂದ ಕೊಕ್ಕೆ ಕಳಚುತ್ತದೆ, ತೀರ ಮೆತ್ತಗಾದರೆ ಮೀನು ಕಚ್ಚಿದ್ದೇ ಗೊತ್ತಾಗುವುದಿಲ್ಲ. ಇಪ್ಪತ್ತು ವರ್ಷದ ಹುಚ್ಚಿರುವವನ ಬಳಿ ಎರಡಾದರೂ ಕೋಲು ಇರಬೇಡವೇ ಎಂಬುದು ನನ್ನ ದೊಡ್ಡ ಚಿಂತೆಯಾಯಿತು. ಊಟ ಸೇರದಾಯಿತು. ನೀಲಮ್ಮ ರೊಟ್ಟಿ ಬಡಿಯುತ್ತ, "ಒಂದೇ ತಗೋರಿ. ಎರಡು ಆದ್ವಂದ್ರ ಸುಳ್ಳೂ ಎರಡು ಆಗ್ತಾವ" ಎಂದಳು.

ಶಹಾಪುರದಲ್ಲಿ ಕೊಂಡರೆ ಬೀಗರಾಗುವವರ ಕಣ್ಣಿಗೆ ಬೀಳುತ್ತೇನೆಂದು ಯಾದಗಿರಿಗೆ ಹೋದೆ. ಅಲ್ಲಿ ಹಗ್ಗ, ಬಲೆ, ಗಾಳ ಮಾರುವ ಖಾಜಾ ಸಾಹೇಬರ ಅಂಗಡಿ. "ಬೋಟಿಗ್ಯಾ, ದಂಡಿಗ್ಯಾ?" ಎಂದರು. ಎರಡಕ್ಕೂ ಎಂದೆ. "ಬೋಟ್ ಅಂದ್ರ ಎಂಥಾದು?" ಹರಿಗೋಲು ಎಂದೆ. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅರೆ ಸಾಬ್, ವಿಡಿಯೋದಾಗ ಅವರು ನಿಂತು ಬೀಸ್ತಾರ. ಹರಿಗೋಲಿನ್ಯಾಗ ನೀವು ನಿಂತ್ರಿ ಅಂದ್ರ ಖಲಾಸ್! ಕುಂತೇ ಬೀಸಬೇಕು." ಹೇಳುವುದಷ್ಟೇ ಅಲ್ಲ, ನನ್ನನ್ನು ಅಂಗಡಿಯ ನಡುವೆ ಒಂದು ದೊಡ್ಡ ಪ್ಲಾಸ್ಟಿಕ್ ಬುಟ್ಟಿಯೊಳಗೆ ಕುಕ್ಕರುಗಾಲಲ್ಲಿ ಕೂರಿಸಿ, ಗಿರಾಕಿಗಳ ಸಮಕ್ಷಮ ಬೀಸಿಸಿದರು. ಒಂಬತ್ತಡಿಯದು ಸೂರಿಗೆ ತೂಗುಹಾಕಿದ್ದ ಬಲೆಗಳಿಗೆ ಸಿಕ್ಕಿಕೊಂಡಿತು. ಆರಡಿಯದು ಚೆನ್ನಾಗಿತ್ತು, ಆದರೆ ದಂಡೆಯ ಜಾಲಿಕಂಟಿ ದಾಟಿ ನೀರು ಮುಟ್ಟುವುದಿಲ್ಲವಂತೆ. ಕೊನೆಗೆ ಏಳಡಿಯ, ಎರಡು ತುಂಡಿನ, ಬಾಗುವುದರಲ್ಲಿ ನಡುತರದ್ದು ಎಂದು ತೀರ್ಮಾನವಾಯಿತು. ಸಾಹೇಬರು ಒಂದು ಎಳೆ ಹತ್ತಿ ತೆಗೆದು ಕೋಲಿನ ಒಂದೊಂದು ಉಂಗುರದೊಳಗೂ ತೂರಿಸಿ ಎಳೆದರು. "ಹತ್ತಿ ಹಿಡೀತಂದ್ರ ಉಂಗುರದಾಗ ಮುಳ್ಳದ, ನೂಲು ಕಡೀತದ" ಎಂದರು. ಹತ್ತಿ ಸಲೀಸಾಗಿ ಬಂತು. ನಾನು ಮೆಲ್ಲಗೆ, "ಇಂಥಾದ್ರಾಗ ಹಳೇದು ಇಲ್ಲೇನ್ರಿ? ನೋಡಾಕ ಇಪ್ಪತ್ತು ವರ್ಷದ್ದಿದ್ದಂಗ ಇರಬೇಕು" ಎಂದೆ. ಅವರು ನನ್ನನ್ನೊಮ್ಮೆ ಬಹಳ ಮರುಕದಿಂದ ನೋಡಿದರು.

ಸುರಪುರಕ್ಕೆ ಮರಳುವ ಬಸ್ಸು ಶಹಾಪುರದ ಮೇಲೆಯೇ ಹೋಗಬೇಕಲ್ಲ! ಕೋಲಿನ ಎರಡು ತುಂಡುಗಳನ್ನೂ ಹಳೆಯ ಚಾದರದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಶಹಾಪುರ ಸ್ಟ್ಯಾಂಡ್ ಬರುತ್ತಲೇ ಮುಖದ ಮೇಲೆ ಟಾವೆಲ್ ಎಳೆದುಕೊಂಡೆ. ಭೀಮರಾಯರು ಈಗ ಹತ್ತುತ್ತಾರೆ, ಇಗೋ ಹತ್ತಿದರು ಎಂದು ಟಾವೆಲಿನ ಮರೆಯಿಂದ ಬಾಗಿಲನ್ನೇ ನೋಡುತ್ತಿದ್ದೆ. ಪಕ್ಕದ ಸೀಟಿನ ಹೆಂಗಸು ಚಾದರದ ತುದಿಯಿಂದ ಇಣುಕಿದ್ದ ಕೋಲನ್ನೇ ದಿಟ್ಟಿಸಿ, "ಏನ್ರಿ ಅಣ್ಣಾ ಅದು?" ಎಂದಳು. "ಪರದಿ ಪೈಪು." "ಪೈಪಿಗಿ ಉಂಗುರ ಯಾಕ?" "ಪರದಿ ಸಿಗಸಾಕ." ಅವಳು ಒಪ್ಪಿದಳು. ಜೀವನದಲ್ಲಿ ನನ್ನ ಒಂದು ಸುಳ್ಳು ಹೀಗೆ ಅಚ್ಚುಕಟ್ಟಾಗಿ ಕೂತದ್ದು ಅದೇ ಮೊದಲು.

ಮನೆಗೆ ಬಂದು ಕೋಲಿಗೆ ವಯಸ್ಸು ತುಂಬುವ ಕೆಲಸ ಹಿಡಿದೆವು. ನೀಲಮ್ಮ ಒಲೆಯ ಬೂದಿ, ಹುಣಸೆಹಣ್ಣು, ಪಾತ್ರೆ ತಿಕ್ಕುವ ತಂತಿನಾರು ತಂದು ಕೂತಳು. ನಾನು ಜಾಲಿಮುಳ್ಳಿನಿಂದ ಅಲ್ಲಲ್ಲಿ ಗೀಚಿದೆ. ರೀಲು ಕೋಲಿನ ಮೇಲೆ ಕೂರಬೇಕೋ, ಕೆಳಗೆ ಜೋತಾಡಬೇಕೋ ಎಂಬ ಅನುಮಾನ ಬಂತು. ಮೇಲೆ ಕೂರುವುದೇ ಮರ್ಯಾದೆ ಎಂದು ಮೇಲೆಯೇ ಬಿಗಿದೆ. ಶನಿವಾರ ರಜೆಗೆ ಬಂದ ರೇಣುಕಾ ಅಂಗಳದಲ್ಲಿ ಈ ಬೂದಿಸ್ನಾನ ನೋಡಿ ನಿಂತಳು. "ಅಪ್ಪಾ, ಖರೇ ಹೇಳಿಬಿಡಲ್ಲ" ಎಂದಳು. "ಈಗ ಹೇಳಿದ್ರ ಸುಳ್ಳು ಹೇಳೋರ ಮನಿ ಅಂತಾರವ್ವ" ಎಂದೆ. ಅವಳು ಒಳಗೆ ಹೋದಳು. ಆ ದಿನ ಗುನುಗಲಿಲ್ಲ.

ಐತವಾರ ಬೆಳಿಗ್ಗೆ ಕೃಷ್ಣೆಯ ದಂಡೆಯಲ್ಲಿ ಅಂಬಿಗ ನಮ್ಮಿಬ್ಬರನ್ನೂ ಹರಿಗೋಲಿನೊಳಗೆ ಎದುರುಬದುರು ಕೂರಿಸಿದ. "ಅಲಗಾಡಬ್ಯಾಡ್ರಿ, ತೂಕ ತಪ್ತದ" ಎಂದ. ನಾನು ಕಣ್ಣನ್ನೂ ಅಲುಗಾಡಿಸಲಿಲ್ಲ. ಒಂದು ಕೈ ಅಂಚು ಹಿಡಿದದ್ದು ಬಿಡಲೇ ಇಲ್ಲ. ಭೀಮರಾಯರು ಕೈ ಚಾಚಿ, "ನೋಡೂಣು" ಎಂದರು. ಕೋಲು ಕೊಟ್ಟೆ. ಅವರು ತುದಿಯಿಂದ ನೋಡುತ್ತ ಬಂದರು. ಗೀರು ನೋಡಿದರು, ಬೂದಿಯ ಬಣ್ಣ ನೋಡಿದರು, ತಲೆದೂಗಿದರು. ಹಿಡಿಕೆಗೆ ಬಂದ ಅವರ ಹೆಬ್ಬೆರಳು ಅಲ್ಲೇ ನಿಂತಿತು.

ಹಿಡಿಕೆಯ ಮೇಲೆ ಅಂಗಡಿಯ ಪ್ಲಾಸ್ಟಿಕ್ ಕವರು ಹಾಗೇ ಇತ್ತು! ಅದನ್ನು ತೆಗೆಯಬೇಕೆಂದು ನಮಗೆ ಹೊಳೆದೇ ಇರಲಿಲ್ಲ. ಹೇಗೆ ಹೊಳೆಯಬೇಕು? ನಮ್ಮ ಮನೆಯ ಟಿವಿ ರಿಮೋಟಿಗೆ ಕವರಿದೆ, ಸ್ಕೂಟರಿನ ಸೀಟಿಗೆ ಕವರಿದೆ, ಸೋಫಾದ ಕವರಿನ ಮೇಲೆ ಬೆವರಿನಿಂದ ಜಾರುತ್ತಲೇ ಭೀಮರಾಯರು ಅಂದು ಚಹಾ ಕುಡಿದಿದ್ದರು. ಹೊಸ ವಸ್ತುವಿನ ಕವರು ತೆಗೆಯುವುದೆಂದರೆ ನಮಗೆ ಅದರ ಚರ್ಮ ಸುಲಿದಂತೆ. ಬೂದಿ ಬಳಿಯುವಾಗಲೂ ನೀಲಮ್ಮ ಕವರಿಗೆ ಹತ್ತದಂತೆ ಜಾಗ್ರತೆಯಿಂದ ಬಳಿದಿದ್ದಳು.

"ಇಪ್ಪತ್ತು ವರ್ಷದ್ದಾ?" ಎಂದರು ಭೀಮರಾಯರು. "ಹೌದ್ರಿ." "ಪ್ಲಾಸ್ಟಿಕ್ ಸೈತ ತೆಗದಿಲ್ಲ." "ನಮ್ಮನ್ಯಾಗ... ಜ್ವಾಪಾನ ಭಾಳ್ರಿ." ಅವರು ರೀಲು ಬಿಚ್ಚಿ, ಕೋಲಿನ ಕೆಳಗೆ ತಿರುಗಿಸಿ ಬಿಗಿದು ನನಗೆ ಕೊಟ್ಟರು. ಆಮೇಲೆ ಮೌನ. ಜನ್ಮದಲ್ಲಿ ಮೊದಲ ಸಲ ಒಂದು ಮೌನವನ್ನು ತುಂಬಲು ನನ್ನ ಬಳಿ ಏನೂ ಇರಲಿಲ್ಲ. ಅವರು ಎರಡು ಮೀನು ಹಿಡಿದರು. ನಾನು ಅಂಬಿಗನ ರುಮಾಲು ಹಿಡಿದೆ. ದಂಡೆಗೆ ಬಂದ ಮೇಲೆ ಒಂದು ಜಾಲಿಗಿಡವನ್ನೂ ಹಿಡಿದೆ. ಎರಡನ್ನೂ ಭೀಮರಾಯರೇ ಕೊಕ್ಕೆಯಿಂದ ಬಿಡಿಸಿದರು. ಹೊರಡುವಾಗ "ಮುಂದಿನ ಮಾತ ಮನ್ಯಾಗ ಕೇಳಿ ಹೇಳ್ತೀನ್ರಿ" ಎಂದರು. ಮುಗಿಯಿತು, ನನ್ನ ಬಾಯಿಂದ ಮಗಳ ಬಾಳು ಹಾಳಾಯಿತು ಎಂದುಕೊಂಡೆ. ಮೂರು ದಿನ ಅವಳ ಫೋನು ಬಂದರೆ ನೀಲಮ್ಮನ ಕೈಗೆ ಕೊಟ್ಟು ಹಿತ್ತಲಿಗೆ ಹೋದೆ.

ನಾಲ್ಕನೆಯ ದಿನ ನೀಲಮ್ಮ ಹಿತ್ತಲಿಗೇ ಬಂದು ಫೋನನ್ನು ನನ್ನ ಕಿವಿಗೆ ಹಿಡಿದಳು. "ಅಪ್ಪಾ, ಅವರು ಒಪ್ಯಾರ!" ಎಂದಳು ರೇಣುಕಾ. "ನೀ ಮೀನ ಹಿಡಿಯೋನಲ್ಲ ಅಂತ ಮಾವನೋರಿಗಿ ನಮ್ಮ ಮನ್ಯಾಗ ಅವ್ವನ ಕೈಯಾಗಿನ ಲೋಟ ಬಿದ್ದಾಗೇ ಗೊತ್ತಾಗಿತ್ತಂತ. ನೋಡೂಣು ಅಂತ ಕರದಿದ್ರಂತ. 'ಈಜು ಬರಲಾರದ ಮನಷಾ ಮಗಳ ಸಲುವಾಗಿ ಹರಿಗೋಲು ಹತ್ಯಾನ. ಅಂಥಾ ಮನಿ ಬಿಟ್ಟು ಎಲ್ಲಿ ಹುಡುಕೂಣು' ಅಂದ್ರಂತ." ಅಷ್ಟು ಹೇಳಿ ಅವಳು ಅತ್ತಳು. ನಾನೂ ಅತ್ತೆ. ಇನ್ನು ಮೇಲೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವುದು, ಉಳಿದಂತೆ ಬಾಯಿ ಬಿಡುವುದಿಲ್ಲ ಎಂದು ಅಲ್ಲೇ, ತುಳಸಿಕಟ್ಟೆಯ ಮುಂದೆ ಪ್ರಮಾಣ ಮಾಡಿದೆ.

ಮರುದಿನ ಬೀಗರೇ ಫೋನು ಮಾಡಿದರು. "ಬರೂ ತಿಂಗಳ ಮಾತ ಮುಗಸೂಣ್ರಿ" ಎಂದರು. ಹೂಂ ಎಂದೆ. ಆಮೇಲೆ ಅವರೂ ಸುಮ್ಮನಾದರು, ನಾನೂ ಸುಮ್ಮನಾದೆ. ಫೋನಿನೊಳಗೆ ಬರೀ ಸುಂಯ್ ಎನ್ನುವ ಸದ್ದು. ಮನಸ್ಸಿನಲ್ಲಿ ಐದರ ತನಕ ಎಣಿಸಿದೆ. ಪುಣ್ಯಕ್ಕೆ ನೀಲಮ್ಮ ಎದುರಿಗೇ ನಿಂತು ಬಾಯಿ ಮುಚ್ಚು ಎಂದು ಸನ್ನೆ ಮಾಡುತ್ತಿದ್ದಳು. ಆರು. ಏಳು. "ಮುಂದಿನ ಸಲ ದಂಡಿಗಂತ ಒಂಬತ್ತಡಿ ರಾಡ್ ತರ್ತೀನ್ರಿ ಬೀಗರ. ಅದೂ ಅದ ಮನ್ಯಾಗ, ಹಳೇದು!" ಎಂದುಬಿಟ್ಟೆ.

ನೀಲಮ್ಮ ಹಣೆ ಬಡಿದುಕೊಂಡಳು. "ತರ್ರಿ," ಎಂದರು ಭೀಮರಾಯರು, "ಅದರ ಕವರು ಮಾತ್ರ ನನ್ನ ಮುಂದ ತಗೀರಿ."